ನಾಲ್ಕನೇ ಮಹಡಿಯ ಎಡಗೋಡೆ

ಹಳೆಯ ವಿಡಿಯೋ ಗೇಮೊಂದನ್ನು ಹೊಸ ಬಣ್ಣ, ಹೊಸ ಸದ್ದು ಹಾಕಿ ಮತ್ತೆ ಬಿಟ್ಟರೆ ಅದು ಹೊಸದೋ ಹಳೆಯದೋ? ಈ ಪ್ರಶ್ನೆ ಹಿಡಿದುಕೊಂಡು ನಾನೂ ನಮ್ಮಣ್ಣನೂ ಹೋದ ವರ್ಷ ಫೋನಿನಲ್ಲಿ ಕಿತ್ತಾಡಿದ್ದು ಅಷ್ಟಿಷ್ಟಲ್ಲ. ನನಗೆ ನಲವತ್ತು, ಅವನಿಗೆ ನಲವತ್ತಮೂರು. ಅವನು ವಸಂತಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ದಿನವಿಡೀ ನಲ್ಲಿ, ಪೈಪು ಮಾರುತ್ತಾನೆ. ನಾನು ಜಯನಗರದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಕೊಡುವ ಕೌಂಟರಿನಲ್ಲಿ ಕೂತು ದಿನವಿಡೀ ಬೈಸಿಕೊಳ್ಳುತ್ತೇನೆ. ಇಂಥ ಇಬ್ಬರು ಗೇಮಿನ ವಿಷಯಕ್ಕೆ ಜಗಳವಾಡಿದರೆಂದರೆ ಕೇಳಿದವರು ನಗುತ್ತಾರೆ. ನಗಲಿ.

ಆ ಗೇಮಿಗೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ನಮ್ಮ ಪಾಲಿಗೆ ಅದು ಬಕೆಟ್ ಗೇಮು. ನಾವು ಬನಶಂಕರಿಯಲ್ಲಿ ಬಾಡಿಗೆಗಿದ್ದಾಗ, ನಾನು ಆರನೇ ಕ್ಲಾಸಿನಲ್ಲಿದ್ದಾಗ, ಅಪ್ಪ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನೂ ಅದರ ಗುಂಡಿಗಳ ರಿಮೋಟನ್ನೂ ಹಳದಿ ಕ್ಯಾಸೆಟ್ಟನ್ನೂ ತಂದುಕೊಟ್ಟಿದ್ದರು. ಕ್ಯಾಸೆಟ್ಟು ತುರುಕಿ ಟಿವಿ ಹಾಕಿದರೆ ಒಂದು ದೊಡ್ಡ ಬಂಗಲೆ, ಒಬ್ಬ ಮಾಲಿ, ಅವನ ಕೈಯಲ್ಲಿ ಬಕೆಟ್ಟು. ಕೆಳಗಿನ ತೊಟ್ಟಿಯಿಂದ ನೀರು ತುಂಬಿಕೊಂಡು, ಕಾಗೆ, ನಾಯಿ, ಜಾರುವ ಮೆಟ್ಟಿಲು ಎಲ್ಲ ತಪ್ಪಿಸಿಕೊಂಡು ಹತ್ತನೇ ಮಹಡಿಯ ತಾರಸಿ ಮೇಲಿರುವ ಗುಲಾಬಿ ಗಿಡಕ್ಕೆ ನೀರು ಹಾಕಬೇಕು. ಅಷ್ಟೇ ಆಟ. ದಿನ ಬಿಟ್ಟು ದಿನ ನೀರು ಬಿಡುತ್ತಿದ್ದ ನಮ್ಮ ಬೀದಿಯಲ್ಲಿ ಕೊಡ ಹೊತ್ತು ಹೊತ್ತು ಸುಸ್ತಾಗಿದ್ದ ಅಮ್ಮ ಮೊದಲ ದಿನವೇ ನೋಡಿ, “ಪಾಪ, ಇವನ ಮನೇಲೂ ಇದೇ ಗೋಳಾ?” ಅಂದಿದ್ದಳು.

ಅಮ್ಮ ಬ್ಲೌಸ್ ಹೊಲಿಯುತ್ತಿದ್ದಳು. ಟಿವಿ ಇದ್ದ ಕೋಣೆಯಲ್ಲೇ ಅವಳ ಹೊಲಿಗೆ ಮಿಷನ್ನು. ನಮ್ಮ ಗೇಮಿನ ಸದ್ದೂ ಅವಳ ಮಿಷನ್ನಿನ ಸದ್ದೂ ಒಟ್ಟಿಗೆ ಕೇಳುತ್ತಾ ಬೆಳೆದವಳು ನಾನು. ಈಗಲೂ ಯಾರಾದರೂ ಮಿಷನ್ ತುಳಿದರೆ ನನ್ನ ಹೆಬ್ಬೆರಳು ತಾನಾಗಿ ಆಡುತ್ತದೆ.

ಆ ಡಬ್ಬಿಗೆ ಆಟವನ್ನು ನೆನಪಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಆರಿಸಿದರೆ ಮುಗಿಯಿತು, ಮತ್ತೆ ತೊಟ್ಟಿಯಿಂದಲೇ ಶುರು. ಹಾಗಾಗಿ ನಾವು ಆರಿಸುತ್ತಲೇ ಇರಲಿಲ್ಲ. ಸ್ಕೂಲಿಗೆ ಹೋಗುವಾಗ ಆಟವನ್ನು ಪಾಜ್‌ನಲ್ಲಿಟ್ಟು, ಟಿವಿ ಮಾತ್ರ ಆರಿಸಿ, ಡಬ್ಬಿಯನ್ನು ಹಾಗೇ ಬಿಡುತ್ತಿದ್ದೆವು. ಅಡಾಪ್ಟರು ಇಸ್ತ್ರಿಪೆಟ್ಟಿಗೆ ಥರ ಕಾಯುತ್ತಿತ್ತು. ಅದಕ್ಕೆ ಅಣ್ಣ ಕಂಡುಹಿಡಿದ ಉಪಾಯವೆಂದರೆ ಒದ್ದೆ ಬಟ್ಟೆ. ಅಮ್ಮನ ಲೈನಿಂಗ್ ಬಟ್ಟೆಯ ತುಂಡೊಂದನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅಡಾಪ್ಟರಿನ ಮೇಲೆ ಹೊದಿಸುವುದು. ಕರೆಂಟಿನ ವಸ್ತುವಿನ ಮೇಲೆ ಒದ್ದೆ ಬಟ್ಟೆ! ನಾವಿಬ್ಬರೂ ಇವತ್ತು ಬದುಕಿದ್ದೇವೆಂದರೆ ಅದು ಯಾವ ಪುಣ್ಯವೋ. ಯಾರೂ ದಯವಿಟ್ಟು ಮಾಡಬೇಡಿ.

ಆದರೆ ಆ ಬಟ್ಟೆಯಿಂದ ಒಂದು ಪವಾಡ ನಡೆಯುತ್ತಿತ್ತು. ಬೆಳಿಗ್ಗೆ ಮಾಲಿಗೆ ಮೂರು ಜೀವ, ಅಂದರೆ ಮೂರು ಅವಕಾಶ, ಬಿಟ್ಟುಹೋಗಿದ್ದರೆ ಸಾಯಂಕಾಲ ಬಂದು ಟಿವಿ ಹಾಕುವಷ್ಟರಲ್ಲಿ ಒಂಬತ್ತು ಜೀವ ಇರುತ್ತಿದ್ದವು. ಮಾಲಿ ಮಾತ್ರ ನಾವು ಬಿಟ್ಟ ಮೆಟ್ಟಿಲ ಮೇಲೇ ನಿಂತಿರುತ್ತಿದ್ದ. ಅಣ್ಣ ಇದಕ್ಕೊಂದು ವಿಜ್ಞಾನವನ್ನೇ ಕಟ್ಟಿದ. “ತಂಪಾಗಿ ರೆಸ್ಟ್ ಸಿಕ್ರೆ ಜೀವ ಬೆಳೆಯುತ್ತೆ ಕಣೇ.” ನಾನು ಮುಂದುವರಿದು ಯಾವ ಬಣ್ಣದ ಲೈನಿಂಗಿಗೆ ಎಷ್ಟು ಜೀವ ಬೆಳೆಯುತ್ತದೆಂದು ರಫ್ ನೋಟಿನ ಹಿಂದೆ ಬರೆದಿಟ್ಟೆ. ನೀಲಿಗೆ ಯಾವಾಗಲೂ ಎರಡು ಹೆಚ್ಚು. ಪಾಲಿಸ್ಟರ್ ಆಗದು, ಕಾಟನ್ನೇ ಆಗಬೇಕು. ಅಮ್ಮ ಹುಕ್ಕು ಹಾಕುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. “ಹೌದಾ? ಹಂಗಾದ್ರೆ ನೀಲಿ ತುಂಡು ಎತ್ತಿಡ್ತೀನಿ” ಅನ್ನುತ್ತಿದ್ದಳು.

ನಾವು ಒಂದು ಸಲವೂ ಆ ಗುಲಾಬಿ ಗಿಡದವರೆಗೆ ಹೋಗಲಿಲ್ಲ. ಎಂಟನೇ ಮಹಡಿಗೋ ಒಂಬತ್ತನೆಯದಕ್ಕೋ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆಮೇಲೆ ಡಬ್ಬಿ ಕೆಟ್ಟಿತು, ನಾವು ದೊಡ್ಡವರಾದೆವು, ಅಪ್ಪ ತೀರಿಕೊಂಡರು, ನಾನು ಅಮ್ಮನನ್ನು ಕರೆದುಕೊಂಡು ಕುಮಾರಸ್ವಾಮಿ ಲೇಔಟಿಗೆ ಬಂದೆ. ಮಿಷನ್ನೂ ಜೊತೆಗೆ ಬಂತು.

ಹೋದ ವರ್ಷ ಅಮ್ಮನಿಗೆ ಸಣ್ಣದಾಗಿ ಸ್ಟ್ರೋಕ್ ಆಯಿತು. ಮಾತು ನಾಲ್ಕು ದಿನದಲ್ಲಿ ಸರಿಹೋಯಿತು, ಕಾಲು ಒಂದು ತಿಂಗಳಲ್ಲಿ. ಬಲಗೈ ಮಾತ್ರ ಹಿಂದೆ ಬಿತ್ತು. ಮುಖ್ಯವಾಗಿ ಹೆಬ್ಬೆರಳು. ಜೆ.ಪಿ. ನಗರದ ಫಿಸಿಯೋ ಮೇಡಂ ಪ್ರತಿ ಸಲವೂ ಅದೇ ಎರಡು ಪ್ರಶ್ನೆ ಕೇಳುತ್ತಿದ್ದರು: “ಅಮ್ಮ, ಹುಕ್ಕು ಹಾಕೋಕೆ ಆಗ್ತಿದೆಯಾ? ಬಟ್ಟೆ ಹಿಂಡೋಕೆ ಆಗ್ತಿದೆಯಾ?” ಅಮ್ಮ ಎರಡಕ್ಕೂ ತಲೆಯಾಡಿಸುತ್ತಿದ್ದಳು, ಇಲ್ಲ ಅಂತ. ಹಿಸುಕುವುದಕ್ಕೆ ಕೊಟ್ಟಿದ್ದ ಹಳದಿ ರಬ್ಬರ್ ಚೆಂಡು ಫ್ರಿಜ್ಜಿನ ಮೇಲೆ ಧೂಳು ಹಿಡಿಯುತ್ತಿತ್ತು. ಮೇಡಂ ನನ್ನನ್ನು ಹೊರಗೆ ಕರೆದು ಹೇಳಿದರು: “ಬೆರಳಲ್ಲಿ ಶಕ್ತಿ ಇದೆ ಮೇಡಂ. ಅವರು ಮನಸ್ಸು ಮಾಡ್ತಿಲ್ಲ. ಇನ್ನೊಂದೆರಡು ತಿಂಗಳು ಹೀಗೇ ಬಿಟ್ರೆ ಕೈ ಹಂಗೇ ಗಟ್ಟಿಯಾಗಿಬಿಡುತ್ತೆ.”

ಅವತ್ತು ಮನೆಗೆ ಬಂದ ಮೇಲೆ ಅಮ್ಮ ಆರಾಮಾಗಿ, “ಆ ಮಿಷನ್ ಯಾರಿಗಾದ್ರೂ ಕೊಟ್ಬಿಡೇ, ಜಾಗ ಆದ್ರೂ ಆಗುತ್ತೆ” ಅಂದಳು. ಅಣ್ಣನಿಗೆ ಫೋನು ಮಾಡಿದರೆ ಅವನು, “ಕೊಡೋಣ ಬಿಡೇ, ನೋಡಿದಾಗೆಲ್ಲ ಬೇಜಾರು ಮಾಡ್ಕೋತಾಳೆ. ನಮ್ಮನೆಗೇ ಕಳಿಸು ಅವಳನ್ನ, ಇಲ್ಲಿ ಮಕ್ಕಳ ಜೊತೆ ಇರ್ತಾಳೆ” ಅಂದ. ಅಂದರೆ ನಾನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ! ಬಾಯಿಗೆ ಬಂದಂತೆ ಬೈದೆ. ಅವನೂ ಬಿಡಲಿಲ್ಲ. ಅಮ್ಮ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳೆಂದು ನನಗೆ ಆಮೇಲೆ ಹೊಳೆಯಿತು.

ಅದೇ ಹೊತ್ತಿಗೆ ಬಕೆಟ್ ಗೇಮು ಹೊಸದಾಗಿ ಬಂದಿರುವ ಸುದ್ದಿ ನನ್ನ ಫೋನಿಗೆ ಬಂತು. ಲ್ಯಾಬಿನಲ್ಲಿ ಊಟದ ಹೊತ್ತಿನಲ್ಲಿ ಅದರ ವಿಡಿಯೋ ನೋಡಿದೆ. ಮಾಲಿಗೆ ಮೀಸೆಯ ಕೂದಲು ಒಂದೊಂದಾಗಿ ಕಾಣುತ್ತಿತ್ತು. ಬಕೆಟ್ಟಿನ ನೀರು ತುಳುಕುತ್ತಿತ್ತು, ಗಿಡದ ಎಲೆ ಅಲ್ಲಾಡುತ್ತಿತ್ತು. ಅಮ್ಮನ ಮುಂದೆ ಇದನ್ನು ಆಡಿದರೆ, ಹಳೆಯದನ್ನು ನೆನಪು ಮಾಡಿಕೊಂಡು ಅವಳೂ ಒಂದು ಸಲ ಗುಂಡಿ ಒತ್ತಿಬಿಟ್ಟರೆ? ರಬ್ಬರ್ ಚೆಂಡು ಮಾಡದ್ದನ್ನು ಬಕೆಟ್ಟು ಮಾಡೀತೇ? ಒಂದೇ ಒಂದು ಆಸೆ ನನಗೆ.

ಅಣ್ಣನ ಮನೆಯಲ್ಲಿ ಮಕ್ಕಳಿಗೆ ತಂದ, ಈ ಆಟ ಹಾಕಬಹುದಾದ ಗೇಮಿನ ಡಬ್ಬಿ ಇತ್ತು. ಅದನ್ನು ತಾ ಎಂದರೆ ಅವನು ವಾದಕ್ಕೆ ನಿಂತ.

“ಹಳೇ ಬಕೆಟ್ಟಿಗೆ ಪೇಂಟ್ ಹೊಡೆದು ಕೊಟ್ಟಿದಾರೆ ಅಷ್ಟೇ. ಹೊಸದೇನಿದೆ ಅದ್ರಲ್ಲಿ? ಮೋಸ.”

“ಹೊಸದಾಗಿರಬೇಕು ಅಂತ ಯಾರು ಹೇಳಿದ್ದು? ಒಂದು ಎಲೆನೂ ಬದಲಾಗಿರಬಾರದು. ಅದೇ ಆಗಿದ್ರೆ ಮಾತ್ರ ಅಮ್ಮ ಗುರುತು ಹಿಡಿಯೋದು.”

“ಅದೇ ಆಗಿದ್ರೆ ಇನ್ನೊಂದ್ಸಲ ಯಾಕೆ ಮಾಡ್ಬೇಕು?”

“ನೀನ್ಯಾಕೆ ದಿನಾ ಇಡ್ಲಿ ತಿಂತೀಯ?”

ಹೀಗೆ ಮೂರು ದಿನ. ನಾಲ್ಕನೇ ದಿನ ಭಾನುವಾರ, ಡಬ್ಬಿಯನ್ನು ಸ್ಕೂಟರಿನ ಕಾಲ ಹತ್ತಿರ ಇಟ್ಟುಕೊಂಡು ಬೆಳಿಗ್ಗೆಯೇ ಬಂದ. ಬಯ್ದುಕೊಂಡೇ ಬಂದ, ಆದರೂ ಬಂದ. ನಮ್ಮಣ್ಣ ಅಂಥವನೇ.

ಅಮ್ಮನನ್ನು ಸೋಫಾದ ಮೇಲೆ ಕೂರಿಸಿ ಆಟ ಹಾಕಿದೆವು.

“ಯಾರೋ ಇವನು?” ಅಂದಳು.

“ಅದೇ ಅಮ್ಮ, ಬಕೆಟ್ ಗೇಮ್. ನಮ್ಮ ಮಾಲಿ.”

“ಅವನಲ್ಲ ಇವನು. ಅವನಿಗೆ ಕತ್ತೇ ಇರ್ಲಿಲ್ಲ.”

ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನನಗೆ ಮೈಯುರಿಯಿತು, ಸುಮ್ಮನೆ ಆಡಿದೆ. ನಮ್ಮ ಹಳೆಯ ನಿಯಮವೇ: ಒಂದು ಜೀವ ಹೋದರೆ ರಿಮೋಟು ಇನ್ನೊಬ್ಬರಿಗೆ. ಒಂದನೇ ಮಹಡಿಯ ನಾಯಿ ಅಲ್ಲೇ ಇತ್ತು. ಎರಡನೆಯದರಲ್ಲಿ ಕಾಗೆ, ಮೂರನೆಯದರಲ್ಲಿ ಜಾರುವ ಮೆಟ್ಟಿಲು. ಎಲ್ಲ ಇದ್ದಲ್ಲೇ ಇದ್ದರೂ ಎಲ್ಲಕ್ಕೂ ನೆರಳು ಬಂದಿತ್ತು. ಅಮ್ಮ ಆಕಳಿಸಿದಳು. ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ಒಂದೇ ಜೀವ ಉಳಿದಿತ್ತು. ರಿಮೋಟು ನನ್ನ ಕೈಗೆ ಬರಬೇಕಿತ್ತು, ಅಣ್ಣ ಕೊಡಲಿಲ್ಲ. ನಾನು ಕಿತ್ತುಕೊಳ್ಳಲು ಹೋದೆ. ಥೇಟ್ ಬನಶಂಕರಿ ಮನೆಯಂತೆ ಎಳೆದಾಡತೊಡಗಿದೆವು.

ಆಗ ಅಮ್ಮ ಬೇಸರದ ದನಿಯಲ್ಲಿ, “ಕಿತ್ತಾಡ್ಬೇಡ್ರೋ. ಎಡಗಡೆ ಗೋಡೆಗೆ ಹೋಗಿ ಅಂಟ್ಕೊಂಡು ನಿಂತ್ಕೋ. ಎರಡೂ ಗುಂಡಿ ಒಟ್ಟಿಗೆ ಒತ್ತು, ಜೀವ ಬರುತ್ತೆ” ಅಂದಳು.

ನಾವಿಬ್ಬರೂ ಅವಳ ಮುಖ ನೋಡಿದೆವು.

“ನಿಂಗ್ಯಾರು ಹೇಳಿದ್ದು?” ಅಣ್ಣ ಕೇಳಿದ.

“ಯಾರು ಹೇಳ್ಬೇಕು? ನೀವು ಸ್ಕೂಲಿಗೆ ಹೋದ್ಮೇಲೆ ಮಧ್ಯಾಹ್ನ ನಾನೇ ತುಂಬಿಸಿಡ್ತಿದ್ನಲ್ಲ.”

ಟಿವಿಯಲ್ಲಿ ಕಾಗೆಯೊಂದು ಬಂದು ಮಾಲಿಯನ್ನು ಕುಕ್ಕಿತು. ಇದ್ದ ಒಂದು ಜೀವವೂ ಹೋಯಿತು. ನಾವು ನೋಡಲೂ ಇಲ್ಲ.

ಅವಳು ಹೇಳಿದ್ದಿಷ್ಟು. ಒಂದು ದಿನ ಡಬ್ಬಿ ಒರೆಸಲು ಹೋದವಳು ಟಿವಿ ಹಾಕಿ, ರಿಮೋಟು ತೆಗೆದುಕೊಂಡು ಸುಮ್ಮನೆ ಒತ್ತಿ ನೋಡಿದಳಂತೆ. ಸೂಜಿಯ ಕೆಳಗೆ ಬಟ್ಟೆ ಅದುಮಿ ಹಿಡಿಯುವ ಹಾಗೆ ಹೆಬ್ಬೆರಳು ಅಡ್ಡ ಇಟ್ಟಳಂತೆ, ಎರಡೂ ಗುಂಡಿ ಒಟ್ಟಿಗೆ ಒತ್ತಿಕೊಂಡವು, ಮಾಲಿ ಗೋಡೆಯೊಳಗೆ ಅರ್ಧ ಹೂತುಹೋಗಿ ಒಂದು ಜೀವ ಬಂತು. ಮತ್ತೆ ಒತ್ತಿದಳು, ಮತ್ತೊಂದು. ಅದು ಗೇಮು ಮಾಡಿದವರು ಬಿಟ್ಟಿದ್ದ ತಪ್ಪು. ನಮಗೆ ಇಬ್ಬರಿಗೂ ಎಂದೂ ಗೊತ್ತಾಗದ ತಪ್ಪು. ಅವತ್ತಿನಿಂದ ಎರಡು ಬ್ಲೌಸಿನ ನಡುವೆ ಮಾಲಿಯನ್ನು ಮೇಲಿನಿಂದ ನಾಲ್ಕನೇ ಮಹಡಿಗೆ ಇಳಿಸಿಕೊಂಡು ಬಂದು, ಜೀವ ತುಂಬಿಸಿ, ಮತ್ತೆ ಹತ್ತಿಸಿಕೊಂಡು ಹೋಗಿ ನಾವು ಬಿಟ್ಟ ಮೆಟ್ಟಿಲ ಮೇಲೇ ನಿಲ್ಲಿಸುತ್ತಿದ್ದಳು.

“ಮತ್ತೆ ನೀಲಿ ಬಟ್ಟೆಗೆ ಎರಡು ಜಾಸ್ತಿ ಬರ್ತಿತ್ತಲ್ಲ?” ನಾನು ಕೇಳಿದೆ.

“ನೀನೇ ಬರ್ಕೊಂಡಿದ್ಯಲ್ಲ ಹಂಗಂತ. ಅದಕ್ಕೇ ನೀಲಿ ಹಾಕಿದ ದಿನ ಎರಡು ಜಾಸ್ತಿ ಮಾಡ್ತಿದ್ದೆ.”

“ಹೇಳ್ಬೋದಿತ್ತಲ್ಲಮ್ಮ ನಮಗೆ!”

“ಹೇಳಿದ್ರೆ ಖುಷಿ ಎಲ್ಲಿರ್ತಿತ್ತು? ನಂಗೆ ಬೇಕಾಗಿದ್ದು ಇಷ್ಟೇ, ಜೀವ ಕಡಿಮೆ ಆದಾಗ ನೀವಿಬ್ರೂ ಹೊಡೆದಾಡ್ತಿದ್ರಿ. ಸಾಕಷ್ಟಿದ್ರೆ ಸುಮ್ನೆ ಇರ್ತಿದ್ರಿ.”

ಮೂವತ್ತು ವರ್ಷ! ಮೂವತ್ತು ವರ್ಷ ಈ ಹೆಂಗಸು ಬಾಯಿ ಬಿಟ್ಟಿರಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ.

ಅವನು ಮತ್ತೆ ಆಟ ಶುರುಮಾಡಿ ನಾಲ್ಕನೇ ಮಹಡಿಯ ಎಡಗೋಡೆಗೆ ಮಾಲಿಯನ್ನು ಒಯ್ದು ನಿಲ್ಲಿಸಿ, ರಿಮೋಟನ್ನು ಅಮ್ಮನ ತೊಡೆಯ ಮೇಲಿಟ್ಟ. ಅಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ, ಹೆಬ್ಬೆರಳನ್ನು ಗುಂಡಿಗಳ ಮೇಲೆ ಅಡ್ಡ ಇಟ್ಟಳು. ಒತ್ತಿದಳು. ತಿಂಗಳುಗಳ ನಂತರ ಆ ಬೆರಳು ಅವಳ ಮಾತು ಕೇಳಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಮಾಲಿ ಗೋಡೆಗೆ ಒರಗಿ ನಿಂತ, ಅಷ್ಟೇ. ಜೀವ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ. ಆಮೇಲೆ ರಿಮೋಟನ್ನು ಪಕ್ಕಕ್ಕೆ ಸರಿಸಿ, “ಕೈಯಲ್ಲಿ ಏನೂ ಇಲ್ಲ ಕಣೇ. ಹೋಯ್ತು” ಅಂದಳು.

ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಅನ್ನಿಸಿತು. ಗುಂಡಿಗಳು ಸರಿಯಾಗಿಯೇ ಒತ್ತಿಕೊಂಡಿದ್ದವು. ಹೊಸ ಗೇಮು ಮಾಡಿದವರು ಹಳೆಯ ತಪ್ಪನ್ನು ಕಂಡುಹಿಡಿದು ಸರಿಮಾಡಿಬಿಟ್ಟಿದ್ದರು, ಅಷ್ಟೇ. ಅಮ್ಮ ಮಾತ್ರ ತಪ್ಪು ತನ್ನ ಬೆರಳಿನದು ಅಂದುಕೊಂಡಳು. ಅಣ್ಣ ರಿಮೋಟು ತೆಗೆದುಕೊಂಡು ಅದೇ ರೀತಿ ಒತ್ತಿ ತೋರಿಸಿದ. “ನೋಡಮ್ಮ, ನಂಗೂ ಬರ್ತಿಲ್ಲ.” ನಾನೂ ಒತ್ತಿ ತೋರಿಸಿದೆ. ಅವಳು ನಂಬಬೇಕಲ್ಲ! “ನನ್ನ ಸಮಾಧಾನಕ್ಕೆ ನೀವು ಮೆಲ್ಲಗೆ ಒತ್ತುತ್ತಿದೀರಿ. ನಂಗೊತ್ತಿಲ್ವಾ ಇಂಥ ಆಟ?” ಅಂದಳು. ತಾನೇ ಆಡಿದ ಆಟವಲ್ಲವೇ, ಇನ್ನೊಬ್ಬರ ಮೇಲೆ ಅನುಮಾನ ಬಾರದೆ ಇರುತ್ತದೆಯೇ.

“ಇದು ಬೇರೆ ಗೇಮು ಕಣಮ್ಮ. ಹೊಸದಾಗಿ ಮಾಡಿರೋದು. ಹಳೇದಕ್ಕೂ ಇದಕ್ಕೂ ಸಂಬಂಧನೇ ಇಲ್ಲ” ಎಂದು ಅಣ್ಣ ಅಂಗಲಾಚಿದ. ಮೂರು ದಿನ ಪೇಂಟು, ಮೋಸ ಎಂದು ಕೂಗಾಡಿದ ಮನುಷ್ಯ! ಬೇರೆ ದಿನವಾಗಿದ್ದರೆ ಅವನನ್ನು ಅಷ್ಟಕ್ಕೆ ಬಿಡುತ್ತಿರಲಿಲ್ಲ.

ನನಗೆ ಥಟ್ಟನೆ ನೆನಪಾದದ್ದು ಟೀಚರಮ್ಮನ ಬ್ಲೌಸು. ಬನಶಂಕರಿಯಲ್ಲಿ ನಮ್ಮ ಬೀದಿಯ ಟೀಚರೊಬ್ಬರು ಹೊಸ ಬಟ್ಟೆಯ ಜೊತೆ ಅಳತೆಗೆಂದು ತಮ್ಮ ಹಳೆಯ ಬ್ಲೌಸು ಕೊಟ್ಟುಹೋಗಿದ್ದರು. ಎಲ್ಲರೂ ಹಾಗೇ ಕೊಡುವುದು. ಆ ಅಳತೆ ಬ್ಲೌಸಿನ ಎಡಭುಜ ಒಂದು ಬೆರಳಷ್ಟು ಇಳಿದಿತ್ತು. ಹಿಂದಿನ ಟೈಲರು ಅಡ್ಡಾದಿಡ್ಡಿ ಹೊಲಿದಿದ್ದಾನೆಂದು ಬೈದುಕೊಂಡು ಅಮ್ಮ ಎರಡೂ ಭುಜ ಸಮ ಮಾಡಿ ಚೆಂದಾಗಿ ಹೊಲಿದುಕೊಟ್ಟಳು. ಟೀಚರು ಮಾರನೇ ದಿನವೇ ವಾಪಸ್ ಬಂದರು. ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ಹಿಡಿಯುತ್ತದೆ. ವರ್ಷಗಟ್ಟಲೆ ಒಂದೇ ಹೆಗಲಿಗೆ ಪುಸ್ತಕದ ಚೀಲ ಹಾಕಿ ಹಾಕಿ ಅವರ ಭುಜವೇ ಇಳಿದಿತ್ತು. ಹಳೆಯ ಬ್ಲೌಸಿನ ತಪ್ಪೇ ಅವರಿಗೆ ಸರಿಯಾದ ಅಳತೆ. ಅಮ್ಮ ಅದನ್ನು ಬಿಚ್ಚಿ ಮತ್ತೆ ಹೊಲಿದಳು, ಆಮೇಲೆ ಬಂದ ಹೊಸಬರಿಗೆಲ್ಲ ಈ ಕಥೆ ಹೇಳಿ ನಗಿಸುತ್ತಿದ್ದಳು.

ಅದನ್ನೇ ಅವಳಿಗೆ ಹೇಳಿದೆ. “ಟೀಚರ್ ಬ್ಲೌಸ್ ಜ್ಞಾಪಕ ಇದ್ಯಾ ಅಮ್ಮ? ಈ ಗೇಮ್ ಮಾಡಿದವ್ರೂ ನಿನ್ನ ಥರಾನೇ ಕಣಮ್ಮ. ಹಳೇದನ್ನ ಅಳತೆಗೆ ಇಟ್ಕೊಂಡ್ರು, ನಾಲ್ಕನೇ ಮಹಡೀಲಿ ಓರೆ ಕಾಣಿಸ್ತು, ನೆಟ್ಟಗೆ ಮಾಡ್ಬಿಟ್ರು. ನಿನ್ನ ಬೆರಳು ಸರಿಯಾಗೇ ಒತ್ತಿದೆ. ಗೋಡೆನೇ ಹೊಲಿದುಬಿಟ್ಟಿದಾರೆ.”

ಅಮ್ಮ ಟಿವಿಯತ್ತ ತಿರುಗಿದಳು. ಮಾಲಿ ಗೋಡೆ ಹಿಡಿದು ನಿಂತು ಮೀಸೆ ತೀಡಿಕೊಳ್ಳುತ್ತಿದ್ದ.

“ಹಂಗಾದ್ರೆ ಇದು ಹೊಸ ಬ್ಲೌಸು” ಅಂದಳು. ಆಮೇಲೆ, “ಎದ್ದು ಊಟಕ್ಕೆ ಬಡಿಸು, ನಿಮ್ಮಣ್ಣಂಗೆ ಹಸಿವಾಗಿದೆ” ಅಂದಳು. ಅಷ್ಟೇ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅಣ್ಣ ಡಬ್ಬಿಯನ್ನು ಇಲ್ಲೇ ಬಿಟ್ಟು, ಮಿಷನ್ ಯಾರಿಗೂ ಕೊಡಬೇಡ ಎಂದು ಬಾಗಿಲಲ್ಲಿ ಪಿಸುಗುಟ್ಟಿ ಹೋದ.

ಆ ವಾರವೆಲ್ಲ ಅಮ್ಮ ಗೇಮಿನ ಮಾತೆತ್ತಲಿಲ್ಲ. ರಿಮೋಟು ನಾನಿಟ್ಟ ಜಾಗದಲ್ಲೇ ಇರುತ್ತಿತ್ತು. ಚೆಂಡು ಫ್ರಿಜ್ಜಿನ ಮೇಲೇ ಇತ್ತು. ಎರಡನೇ ವಾರವೂ ಹಾಗೇ ಕಳೆಯಿತು. ನಾನು ದಿನಾ ಲ್ಯಾಬಿಗೆ ಹೋಗಿ ಬರುತ್ತಿದ್ದೆ, ಕೌಂಟರಿನಲ್ಲಿ ಎಂದಿಗಿಂತ ಹೆಚ್ಚು ರೇಗುತ್ತಿದ್ದೆ. ಅಣ್ಣ ದಿನಾ ಫೋನು ಮಾಡಿ, “ಆಡಿದ್ಲಾ?” ಅನ್ನುತ್ತಿದ್ದ. “ಇಲ್ಲ ಅಂದ್ನಲ್ಲ, ಎಷ್ಟು ಸಲ ಕೇಳ್ತೀಯ?” ಎಂದು ಅವನ ಮೇಲೂ ರೇಗುತ್ತಿದ್ದೆ.

ಮೂರನೇ ವಾರದಲ್ಲೊಂದು ಸಾಯಂಕಾಲ ಬಸ್ಸಿಳಿದು ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿದ್ದಳು. ಟಿವಿ ಆರಿತ್ತು. ಗೇಮಿನ ಡಬ್ಬಿಯಲ್ಲಿ ಮಾತ್ರ ಪುಟ್ಟ ದೀಪ ಉರಿಯುತ್ತಿತ್ತು. ಅದರ ವಯರಿನ ನಡುವಿನ ಕಪ್ಪು ಅಡಾಪ್ಟರಿನ ಮೇಲೆ ಅಚ್ಚುಕಟ್ಟಾಗಿ ಮಡಿಸಿದ ಒದ್ದೆ ಬಟ್ಟೆ ಇತ್ತು. ನೀಲಿ ಲೈನಿಂಗು.

“ಅಮ್ಮಾ! ಶಾಕ್ ಹೊಡೆದ್ರೆ ಏನು ಗತಿ? ಬುದ್ಧಿ ಇದ್ಯಾ ನಿಂಗೆ?” ಎಂದು ಕಿರುಚಿಕೊಂಡೆ. ಓಡಿಹೋಗಿ ಸ್ವಿಚ್ಚಿಗೆ ಕೈ ಹಾಕಿದೆ.

“ಆರಿಸ್ಬೇಡ್ವೇ!” ಅವಳು ಅಲ್ಲಿಂದಲೇ ಕೂಗಿದಳು. “ಎಲ್ಲ ಹೊರಟೋಗುತ್ತೆ!”

ಈಗಿನ ಆಟ ತಾನಾಗಿಯೇ ನೆನಪಿಟ್ಟುಕೊಳ್ಳುತ್ತದೆ, ಆರಿಸಿದರೆ ಏನೂ ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ಬಟ್ಟೆಯನ್ನು ಇನ್ನೊಂದು ಒಣ ಬಟ್ಟೆಯಿಂದ ಹಿಡಿದು ತೆಗೆದು, ಟಿವಿ ಹಾಕಿದೆ. ಮಾಲಿ ಏಳನೇ ಮಹಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಮೇಲೆ ಮೂಲೆಯಲ್ಲಿ ಬಕೆಟ್ಟಿನ ಚಿತ್ರದ ಪಕ್ಕ ನಲವತ್ತೆರಡು ಎಂದಿತ್ತು. ನಲವತ್ತೆರಡು ಜೀವ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಹಿಂದೆ ನಿಂತಳು. “ಇದ್ರಲ್ಲಿ ಆರನೇ ಮಹಡಿ, ಬಲಗಡೆ ಕಿಟಕಿ ಹತ್ರ. ಹುಡುಕೋಕೆ ಹತ್ತು ದಿನ ಆಯ್ತು. ಇವರೂ ಒಂದು ಓರೆ ಬಿಟ್ಟಿದಾರೆ, ಬಿಡದೇ ಇರ್ತಾರಾ? ನೀನು ಬರೋ ಹೊತ್ತಿಗೆ ರಿಮೋಟು ಇದ್ದಲ್ಲೇ ಇಡ್ತಿದ್ದೆ.”

ಅವಳ ಬಲಹೆಬ್ಬೆರಳಿನ ಮೇಲೆ ಎರಡು ಗುಂಡಿಗಳ ಗುರುತು ಕೆಂಪಗೆ ಮೂಡಿತ್ತು. ನಾನು ಅದನ್ನೇ ನೋಡಿದೆ.

“ಭಾನುವಾರ ಅವನನ್ನ ಬರಹೇಳು” ಅಂದಳು. “ಇಬ್ರಿಗೂ ಸಾಕಾಗೋಷ್ಟಿದೆ. ಮಿಷನ್ನು, ನಾನೆಲ್ಲಿರ್ಬೇಕು ಅನ್ನೋದು, ಯಾವುದಕ್ಕೂ ಕಿತ್ತಾಡೋದು ಬೇಡ.”

ನಾನು ಹೂಂ ಎಂದು ಎದ್ದು, ಕಣ್ಣೀರು ಕಾಣಿಸದಿರಲೆಂದು ಬಚ್ಚಲಿಗೆ ಹೋದೆ. ನೀಲಿ ಬಟ್ಟೆ ನನ್ನ ಕೈಯಲ್ಲೇ ಇತ್ತು, ಇನ್ನೂ ಒದ್ದೆಯಾಗಿತ್ತು. ಒಣಗಿಹಾಕುವ ಮೊದಲು ನೀರು ಹೋಗಲೆಂದು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಹಿಂಡಿದೆ. ಒಂದು ಹನಿಯೂ ಬೀಳಲಿಲ್ಲ.